ನಿತ್ಯ ಜೀವನದ ಸುಖ

(ನಮ್ಮ ಉಚಿತ ವಾಚನಾಲಯದ ವಾರ್ಷಿಕ ಕೂಟದಲ್ಲಿ ಸ್ವಯಂಸೇವಕರೊಬ್ಬರು ಮಾಡಿದ ಭಾಷಣ)



ಪ್ರತಿ ವರ್ಷ ಈ ಕೂಟದಲ್ಲಿ ವಿದ್ವಾಂಸರೊಬ್ಬರ ಉಪನ್ಯಾಸ ಇರುವುದು ವಾಡಿಕೆ. ಈ ಸಲ ವಾಚನಾಲಯದ ಕೆಲಸ ಮಾಡುವವರಲ್ಲೇ ಒಬ್ಬರು ಮಾತನಾಡಲಿ ಎಂದು ಕಾರ್ಯದರ್ಶಿಗಳು ನಿಶ್ಚಯಿಸಿ, ನನ್ನನ್ನು ಕೇಳುವ ಮೊದಲೇ ಕರೆಯೋಲೆಯಲ್ಲಿ ನನ್ನ ಹೆಸರು ಅಚ್ಚು ಹಾಕಿಸಿಬಿಟ್ಟರು. ನಾನು ಮೆಟ್ರಿಕ್ಕಿನವರೆಗೆ ಓದಿದವನು. ಭಿವಂಡಿಯ ಕಡೆಯ ಒಂದು ಬಟ್ಟೆ ಗಿರಣಿಯಲ್ಲಿ ಹಾಜರಿ ಮತ್ತು ಪಗಾರದ ಲೆಕ್ಕ ಬರೆಯುವ ಕಾರಕೂನ. ವೇದಾಂತದ ಆನಂದವನ್ನು ಕುರಿತು ಮಾತನಾಡುವ ಅಧಿಕಾರ ನನಗಿಲ್ಲ. ಬೆಳಿಗ್ಗೆ ಎದ್ದಾಗಿನಿಂದ ರಾತ್ರಿ ಮಲಗುವವರೆಗೆ ನಮ್ಮಂಥವರಿಗೆ ಸಿಗಬಹುದಾದ ಸಣ್ಣ ಸುಖ ಎಲ್ಲಿದೆ ಎಂಬ ಬಗ್ಗೆ, ಈ ಕೋಣೆಯಲ್ಲಿ ಕುಳಿತು ಓದಿದ್ದನ್ನೂ ಗಿರಣಿಯಲ್ಲಿ ಕಂಡದ್ದನ್ನೂ ಸೇರಿಸಿ ನಾಲ್ಕು ಮಾತು ಹೇಳುತ್ತೇನೆ. ಕೊನೆಗೆ ನಿಮ್ಮಲ್ಲಿ ಒಂದು ಬೇಡಿಕೆಯೂ ಇದೆ. ಅದನ್ನು ಮೊದಲೇ ತಿಳಿಸಿಬಿಡುವುದು ಮರ್ಯಾದೆ.

ಸುಖ ಯಾವುದರಲ್ಲಿದೆ ಎಂದು ಕೇಳಿದರೆ ಹೆಚ್ಚಿನವರು ಎರಡು ಉತ್ತರ ಕೊಡುತ್ತಾರೆ. ಒಂದು, ಕೈಯಲ್ಲಿ ಹಣವಿರಬೇಕು. ಇನ್ನೊಂದು, ಬಿಡುವಿರಬೇಕು. ಈ ಎರಡನ್ನೂ ಒಂದೊಂದಾಗಿ ನೋಡೋಣ.

ಹಣ ಬೇಡ ಎಂದು ಉಪದೇಶ ಮಾಡುವವರಲ್ಲಿ ನನಗೆ ನಂಬಿಕೆಯಿಲ್ಲ. ಪಗಾರ ನಾಲ್ಕು ದಿನ ತಡವಾದರೆ ಕೆಲಸಗಾರರ ಮುಖ ಹೇಗಾಗುತ್ತದೆ ಎಂಬುದನ್ನು ನಾನು ಮೇಜಿನ ಈಚೆಯಿಂದ ನೋಡಿದ್ದೇನೆ. ಬಾಡಿಗೆ, ಮಕ್ಕಳ ಶಾಲೆಯ ಶುಲ್ಕ, ಊರಿನಲ್ಲಿರುವ ತಾಯಿಯ ಔಷಧ, ಇವಕ್ಕೆ ದುಡ್ಡು ಇಲ್ಲದಾಗ ಸುಖದ ಮಾತು ಎತ್ತುವುದೇ ಅಪಹಾಸ್ಯ. ಆದರೆ ಈ ಅಗತ್ಯಗಳು ತೀರಿದ ಮೇಲೆ ಬರುವ ದೊಡ್ಡ ಹಣ ದಿನದ ಸುಖವನ್ನು ಅಷ್ಟೇ ಪ್ರಮಾಣದಲ್ಲಿ ಹೆಚ್ಚಿಸುತ್ತದೆಯೇ? ಅಮೆರಿಕೆಯ ಇಲಿನಾಯ್ ರಾಜ್ಯದಲ್ಲಿ ಲಾಟರಿ ಗೆದ್ದ 22 ಮಂದಿಯನ್ನು ಅಲ್ಲಿಯ ಮನಶ್ಶಾಸ್ತ್ರಜ್ಞರು ವಿಚಾರಿಸಿ, 1978ರಲ್ಲಿ ಅದರ ವರದಿಯನ್ನು ಪ್ರಕಟಿಸಿದರು. ಅಕ್ಕಪಕ್ಕದ ಸಾಮಾನ್ಯ ಜನರಿಗಿಂತ ಗೆದ್ದವರು ಹೇಳಿಕೊಳ್ಳುವಷ್ಟು ಹೆಚ್ಚು ಸುಖಿಗಳಾಗಿರಲಿಲ್ಲ. ಅಷ್ಟೇ ಅಲ್ಲ, ಗೆಳೆಯನೊಡನೆ ಮಾತು, ಬೆಳಗಿನ ಉಪಾಹಾರ, ಪತ್ರಿಕೆ ಓದುವುದು ಮುಂತಾದ ಚಿಕ್ಕಪುಟ್ಟ ಸಂಗತಿಗಳಲ್ಲಿ ಅವರಿಗೆ ಸಿಗುತ್ತಿದ್ದ ಸಂತೋಷ ಬೇರೆಯವರಿಗಿಂತ ಕಡಿಮೆಯಾಗಿತ್ತು.

22 ಜನ ಬಹಳ ಸಣ್ಣ ಲೆಕ್ಕ ಎಂದು ನೀವು ಹೇಳಬಹುದು. ಲೆಕ್ಕ ಬರೆಯುವ ನನಗೂ ಹಾಗೆಯೇ ತೋರಿತು. ಸ್ವೀಡನ್ ದೇಶದಲ್ಲಿ ಸಾವಿರಾರು ಲಾಟರಿ ಗೆಲುವುಗಳನ್ನು ಹಿಡಿದು ಮಾಡಿದ ಇನ್ನೊಂದು ಸಂಶೋಧನೆ 2020ರಲ್ಲಿ ಅಚ್ಚಾಯಿತು. ಅದು ಹಣದ ಪರವಾಗಿಯೇ ಮಾತನಾಡುತ್ತದೆ. ದೊಡ್ಡ ಬಹುಮಾನ ಪಡೆದವರಿಗೆ ಹತ್ತು ವರ್ಷ ಕಳೆದರೂ ತಮ್ಮ ಬಾಳಿನ ಬಗ್ಗೆ ಹೆಚ್ಚು ತೃಪ್ತಿಯಿತ್ತು. ಆದರೆ ಅದೇ ಲೇಖನದಲ್ಲಿ ಇನ್ನೊಂದು ಮಾತಿದೆ. ಬಾಳು ಒಟ್ಟಿನಲ್ಲಿ ಹೇಗಿದೆ ಎಂದು ಕೇಳಿದಾಗ ಕಂಡ ಏರಿಕೆ, ನೀವು ಎಷ್ಟು ಸಂತೋಷವಾಗಿದ್ದೀರಿ ಎಂದು ಕೇಳಿದಾಗ ಅಷ್ಟು ಕಾಣಲಿಲ್ಲ. ಹೀಗಾಗಿ ನನಗೆ ತಿಳಿದ ಅರ್ಥ ಇಷ್ಟು: ಹಣ ತಲೆಯ ಮೇಲಿನ ಚಿಂತೆಯನ್ನು ಇಳಿಸುತ್ತದೆ, ಅದು ಸಣ್ಣ ಉಪಕಾರವಲ್ಲ. ಮಂಗಳವಾರದ ಸಂಜೆ ಏಳು ಗಂಟೆಗೆ ಮನಸ್ಸು ಹೇಗಿರುತ್ತದೆ ಎಂಬುದಕ್ಕೆ ಮಾತ್ರ ಇನ್ನೂ ಏನೋ ಬೇಕು.

ಹಾಗಾದರೆ ಬಿಡುವು? ವಾರಕ್ಕೆ ಆರು ದಿನ ದುಡಿಯುವ ನಮಗೆ ಏಳೂ ದಿನ ರಜೆ ಸಿಕ್ಕರೆ ಅದೇ ಸ್ವರ್ಗ ಎನ್ನಿಸುತ್ತದೆ. ಇದನ್ನು ಕುರಿತು ಯೋಚಿಸುವಾಗ ನನಗೆ ತಪ್ಪದೆ ನೆನಪಾಗುವುದು ಯುರೋಪಿನ ಒಂದು ಗಿರಣಿ ಊರು. ಅದರ ಹೆಸರು ಮಾರಿಯೆನ್‌ಟಾಲ್. ಆಸ್ಟ್ರಿಯಾ ದೇಶದ ರಾಜಧಾನಿ ವಿಯೆನ್ನಾದ ಹತ್ತಿರ ಇದೆ. 1830ರಲ್ಲಿ ಅಲ್ಲಿ ನೂಲುವ ಗಿರಣಿ ಹುಟ್ಟಿತು. ಮುಂದೆ ನೇಯ್ಗೆ, ಬಣ್ಣದ ಅಚ್ಚು ಎಲ್ಲ ಸೇರಿ ಇಡೀ ಊರು ಗಿರಣಿಯನ್ನೇ ನಂಬಿ ಬೆಳೆಯಿತು. ಕಾರ್ಮಿಕರಿಗೆ ನಾಟಕದ ಸಂಘವಿತ್ತು, ಆಟದ ಸಂಘವಿತ್ತು, ನಮ್ಮದರಂತೆಯೇ ಒಂದು ಪುಸ್ತಕ ಭಾಂಡಾರವೂ ಇತ್ತು. 1929ರಲ್ಲಿ ಗಿರಣಿಯ ಒಂದೊಂದೇ ವಿಭಾಗ ಮುಚ್ಚುತ್ತ ಬಂದು, 1930ರ ಫೆಬ್ರುವರಿಯಲ್ಲಿ ಮಗ್ಗಗಳೂ ನಿಂತವು. ಊರಿನಲ್ಲಿದ್ದ 478 ಕುಟುಂಬಗಳ ಪೈಕಿ ಹೆಚ್ಚಿನ ಮನೆಗಳಲ್ಲಿ ದುಡಿಯುವ ಕೈ ಒಂದೂ ಉಳಿಯಲಿಲ್ಲ. ಸರಕಾರದ ಅಲ್ಪ ಸಹಾಯಧನದಲ್ಲಿ ಜನ ದಿನ ನೂಕತೊಡಗಿದರು.

1931ರ ಕೊನೆಯಲ್ಲಿ ವಿಯೆನ್ನಾದಿಂದ ತರುಣ ಸಂಶೋಧಕರ ಒಂದು ತಂಡ ಈ ಊರಿಗೆ ಬಂತು. ಅವರಲ್ಲಿ ಮುಖ್ಯರಾದವರು ಮಾರಿ ಯಹೋಡಾ ಎಂಬ, ಇಪ್ಪತ್ತೈದರ ಆಸುಪಾಸಿನ ಹೆಣ್ಣುಮಗಳು, ಪಾಲ್ ಲಾಜರ್ಸ್‌ಫೆಲ್ಡ್ ಮತ್ತು ಹಾನ್ಸ್ ಜೈಸೆಲ್. ಬರಿ ಪ್ರಶ್ನೆ ಕೇಳಿ ಹೋಗುವವರಾಗಿ ಅವರು ಬರಲಿಲ್ಲ. ಹಳೆಯ ಬಟ್ಟೆ ಒಟ್ಟುಮಾಡಿ ಹಂಚಿದರು, ವೈದ್ಯರನ್ನು ಕರೆತಂದರು, ಹೆಂಗಸರಿಗೆ ಉಡುಪು ಕತ್ತರಿಸುವ ತರಗತಿ ನಡೆಸಿದರು. ಹೀಗೆ ಜನರೊಡನೆ ಬೆರೆತು ಕಂಡದ್ದನ್ನು 1933ರಲ್ಲಿ ಪುಸ್ತಕವಾಗಿ ಪ್ರಕಟಿಸಿದರು.

ಅವರಿಗೆ ಕಂಡದ್ದೇನು? ನಮಗೆ ಹತ್ತಿರದ ವಿಷಯವಾದ ಪುಸ್ತಕ ಭಾಂಡಾರದಿಂದಲೇ ಹೇಳುತ್ತೇನೆ. ಕೆಲಸವಿದ್ದಾಗ ಅಲ್ಲಿ ಪುಸ್ತಕ ಪಡೆಯಲು ಸಣ್ಣ ಶುಲ್ಕವಿತ್ತು. ಗಿರಣಿ ಮುಚ್ಚಿದ ಮೇಲೆ ಶುಲ್ಕ ತೆಗೆದುಹಾಕಿದರು. ಪುಸ್ತಕ ಪುಕ್ಕಟೆ, ಹೊತ್ತು ಬೇಕಾದಷ್ಟು. ಓದುವವರು ಮುಗಿಬೀಳಬೇಕಿತ್ತಲ್ಲವೇ? 1929ರಿಂದ 1931ರ ಹೊತ್ತಿಗೆ ಹೊರಗೆ ಹೋಗುವ ಪುಸ್ತಕಗಳ ಸಂಖ್ಯೆ ಸುಮಾರು ಅರ್ಧಕ್ಕೆ ಇಳಿಯಿತು! ದಿನವಿಡೀ ದುಡಿದು ಬಂದು ದೀಪದ ಬೆಳಕಿನಲ್ಲಿ ಓದುತ್ತಿದ್ದವನು, ಹಗಲೆಲ್ಲ ಖಾಲಿ ಕುಳಿತಾಗ ಪುಸ್ತಕ ಮುಟ್ಟಲಿಲ್ಲ. ನಾಟಕ ಮತ್ತು ಸಂಘಗಳ ಚಟುವಟಿಕೆಯೂ ಹೀಗೆಯೇ ಇಳಿಮುಖವಾಯಿತು.

ಇನ್ನೊಂದು ಸಂಗತಿ. ಸಂಶೋಧಕರು ಕಿಟಕಿಯ ಹಿಂದೆ ನಿಂತು, ಕೈಯಲ್ಲಿ ಗಡಿಯಾರ ಹಿಡಿದು, ಬೀದಿಯಲ್ಲಿ ಜನ ಎಷ್ಟು ವೇಗವಾಗಿ ನಡೆಯುತ್ತಾರೆಂದು ನೋಡಿದರು. ಗಂಡಸರು ನಿಧಾನವಾಗಿ ನಡೆಯುತ್ತಿದ್ದರು, ದಾರಿಯಲ್ಲಿ ಮೇಲಿಂದ ಮೇಲೆ ನಿಲ್ಲುತ್ತಿದ್ದರು. ಇಡೀ ದಿನ ಏನು ಮಾಡಿದಿರಿ ಎಂದು ಬರೆದುಕೊಡಲು ಕೇಳಿದರೆ, ಎದ್ದದ್ದು, ಉಂಡದ್ದು, ಮಲಗಿದ್ದು ಬಿಟ್ಟರೆ ನಡುವಣ ತಾಸುಗಳಿಗೆ ಅವರಲ್ಲಿ ಲೆಕ್ಕವೇ ಇರಲಿಲ್ಲ. ಹೆಂಗಸರು ಬೇಗಬೇಗ ನಡೆಯುತ್ತಿದ್ದರು. ಅವರಿಗೆ ಅಡಿಗೆ, ಒಗೆತ, ಮಕ್ಕಳು, ಹರಿದದ್ದನ್ನು ಹೊಲಿಯುವುದು ತಪ್ಪಿರಲಿಲ್ಲ. ಆದರೂ ಗಿರಣಿಗೂ ಮನೆಗೂ ಎರಡು ಕಡೆ ದುಡಿದು ದಣಿದಿದ್ದ ಆ ಹೆಂಗಸರೇ, ಗಿರಣಿ ಮತ್ತೆ ತೆರೆದರೆ ನಾಳೆಯೇ ಹೋಗುತ್ತೇವೆ ಎನ್ನುತ್ತಿದ್ದರು. ಬರಿಯ ಸಂಬಳಕ್ಕಾಗಿ ಹಾಗೆ ಹೇಳಿದ್ದಲ್ಲ. ನಾಲ್ಕು ಗೋಡೆಗಳ ನಡುವೆ ಒಬ್ಬಳೇ ಇರುವುದು ಬದುಕೇ ಅಲ್ಲ ಎಂಬುದು ಅವರ ಭಾವನೆಯಾಗಿತ್ತು.

ಇಲ್ಲಿ ತಪ್ಪು ಅರ್ಥ ಆಗಬಾರದು. ಮಾರಿಯೆನ್‌ಟಾಲಿನ ಜನಕ್ಕೆ ಎಲ್ಲಕ್ಕಿಂತ ಮೊದಲು ಬೇಕಾದದ್ದು ಅನ್ನ ಮತ್ತು ಕೆಲಸ. ಯಾವ ಭಾಷಣವೂ ಅದಕ್ಕೆ ಬದಲಿಯಾಗದು. ಗಿರಣಿಯ ದುಡಿಮೆಯೂ ಹೂವಿನ ಹಾಸಿಗೆಯಲ್ಲ. ಹತ್ತಿಯ ಧೂಳು, ಕಿವಿ ಕಿವುಡಾಗಿಸುವ ಸದ್ದು, ರಾತ್ರಿ ಪಾಳಿ, ಎಲ್ಲ ನನಗೆ ಗೊತ್ತು. ಆದರೆ ಇಷ್ಟು ಕಷ್ಟದ ಕೆಲಸವೂ ಸಂಬಳದ ಜೊತೆಗೆ ನಮಗೆ ಕಾಣದಂತೆ ಬೇರೆ ಏನನ್ನೋ ಕೊಡುತ್ತಿತ್ತು ಎಂಬುದು ಅದು ನಿಂತಾಗ ತಿಳಿಯಿತು. ಯಹೋಡಾ ಅವರು ಮುಂದೆ ಇಂಗ್ಲೆಂಡಿನಲ್ಲಿ ನೆಲಸಿ, 1982ರಲ್ಲಿ ಪ್ರಕಟಿಸಿದ ಇನ್ನೊಂದು ಪುಸ್ತಕದಲ್ಲಿ ಈ ಕಾಣದ ಕೊಡುಗೆಗಳನ್ನು ಐದಾಗಿ ಎಣಿಸಿದರು. ನನ್ನ ಮಾತಿನಲ್ಲಿ ಹೇಳುವುದಾದರೆ ಅವು ಇವು: ದಿನದ ಹೊತ್ತಿಗೆ ಒಂದು ಕಟ್ಟು, ಮನೆಯವರಲ್ಲದವರ ಒಡನಾಟ, ಒಬ್ಬನಿಂದ ಆಗದ ಕೆಲಸದಲ್ಲಿ ನಮ್ಮ ಕೈಯೂ ಸೇರಿದೆ ಎಂಬ ತಿಳಿವಳಿಕೆ, ನಾಲ್ಕು ಜನರ ನಡುವೆ ಒಂದು ಗುರುತು, ಮತ್ತು ಮನಸ್ಸಿರಲಿ ಇಲ್ಲದಿರಲಿ ದಿನವೂ ಮಾಡಲೇಬೇಕಾದ ಒಂದು ಕೆಲಸ.

ಅದೇ 1982ರ ಜನವರಿ 18ರಂದು ನಮ್ಮ ಮುಂಬಯಿಯಲ್ಲಿ ಗಿರಣಿಗಳ ಮಹಾ ಮುಷ್ಕರ ಪ್ರಾರಂಭವಾಯಿತು. ಸುಮಾರು ಎರಡೂವರೆ ಲಕ್ಷ ಕಾರ್ಮಿಕರು ಹೊರಬಂದರು. ಅನೇಕ ಗಿರಣಿಗಳು ಮತ್ತೆ ಮೊದಲಿನಂತೆ ನಡೆಯಲೇ ಇಲ್ಲ, ಬಹಳ ಜನರಿಗೆ ಕೆಲಸ ಮರಳಿ ಸಿಗಲಿಲ್ಲ. ಪರೇಲ್, ಲಾಲ್‌ಬಾಗ್, ವರ್ಲಿಯ ಚಾಳುಗಳಲ್ಲಿ ನಮ್ಮ ಕನ್ನಡ ಮನೆಗಳೂ ಇದ್ದವು. ನಾನು ಆಗಿನ್ನೂ ಹುಟ್ಟಿರಲಿಲ್ಲ. ಆದರೆ ಆ ಕಾಲ ಕಂಡ ಹಿರಿಯರೊಬ್ಬರು ಇದೇ ಕೋಣೆಯಲ್ಲಿ ಹೇಳಿದ ಮಾತು ನೆನಪಿದೆ. ಗಿರಣಿಯ ಭೋಂಗಾ ಕೂಗುತ್ತಿದ್ದಾಗ ನಿದ್ದೆ ಕೆಡಿಸುತ್ತದೆಂದು ಅದನ್ನು ಬೈಯುತ್ತಿದ್ದರಂತೆ. ಅದು ನಿಂತ ಮೇಲೆ ಯಾವಾಗ ಏಳಬೇಕು, ಎದ್ದು ಎಲ್ಲಿಗೆ ಹೋಗಬೇಕು ಎಂಬುದೇ ತಿಳಿಯದಾಯಿತಂತೆ. ಮಾರಿಯೆನ್‌ಟಾಲಿನ ಪುಸ್ತಕ ಅವರು ಓದಿದವರಲ್ಲ, ಆದರೂ ಅದರ ಸಾರ ಅವರ ಮಾತಿನಲ್ಲಿತ್ತು.

ಇದರಿಂದ ನಾವು ಕಲಿಯಬೇಕಾದದ್ದೇನು? ಗಿರಣಿ ತೆರೆಯುವ ಶಕ್ತಿ ನಮ್ಮಲ್ಲಿಲ್ಲ. ಆದರೆ ಆ ಐದು ಕೊಡುಗೆಗಳನ್ನು ಸಂಬಳವಿಲ್ಲದೆಯೂ ಸ್ವಲ್ಪಮಟ್ಟಿಗೆ ನಾವೇ ಒಬ್ಬರಿಗೊಬ್ಬರು ಒದಗಿಸಿಕೊಳ್ಳಬಹುದು. ಅದಕ್ಕೆ ಬೇಕಾದ ಬಂಡವಾಳ ಒಂದೇ ಪ್ರಶ್ನೆ: “ನಿನ್ನೆ ಯಾಕೆ ಬರಲಿಲ್ಲ?”

ಈ ಪ್ರಶ್ನೆ ಕೇಳುವವರು ಇರುವವನು ಒಂಟಿಯಲ್ಲ. ಲೋಕಲ್ ಗಾಡಿಯಲ್ಲಿ ದಿನವೂ ಒಂದೇ ಹೊತ್ತಿಗೆ, ಒಂದೇ ಡಬ್ಬಿಯಲ್ಲಿ ಹೋಗುವ ಗುಂಪುಗಳನ್ನು ನೀವೆಲ್ಲ ನೋಡಿದ್ದೀರಿ. ಕೆಲವರು ತಾಳ ಹಿಡಿದು ಭಜನೆ ಮಾಡುತ್ತಾರೆ, ಕೆಲವರು ಇಸ್ಪೀಟು ಆಡುತ್ತಾರೆ, ಒಬ್ಬನ ಮಗಳ ಮದುವೆ ನಿಶ್ಚಯವಾದರೆ ಡಬ್ಬಿಗೆಲ್ಲ ಪೇಢೆ. ಕಾಲಿಡಲು ಜಾಗವಿಲ್ಲದ ಆ ಗಾಡಿಯಲ್ಲಿ ನಗುತ್ತ ಇಳಿಯುವವರು ಇವರು. ಮೊಬೈಲಿನಲ್ಲಿ ಮುಖ ಹುದುಗಿಸಿ ನಿಂತವನಿಗೆ, ಯಾರೂ ಮಾತನಾಡಿಸದಿದ್ದರೆ ಸಾಕು ಎನ್ನಿಸುತ್ತದೆ. ಅಮೆರಿಕೆಯ ಶಿಕಾಗೋ ನಗರದ ರೈಲು ಪ್ರಯಾಣಿಕರ ಮೇಲೆ ಇದನ್ನೇ ಪರೀಕ್ಷಿಸಿ 2014ರಲ್ಲಿ ಪ್ರಕಟಿಸಿದ್ದಾರೆ. ಕೆಲವರಿಗೆ ಪಕ್ಕದ ಅಪರಿಚಿತರೊಡನೆ ಮಾತನಾಡಲು ಹೇಳಿದರು, ಕೆಲವರಿಗೆ ಸುಮ್ಮನೆ ತಮ್ಮಷ್ಟಕ್ಕೆ ಇರಲು ಹೇಳಿದರು, ಉಳಿದವರಿಗೆ ದಿನದಂತೆ ಹೋಗಲು ಹೇಳಿದರು. ಮಾತನಾಡಿದವರ ಪ್ರಯಾಣವೇ ಹೆಚ್ಚು ಹಿತವಾಗಿತ್ತು. ಸ್ವಾರಸ್ಯವೆಂದರೆ, ಯಾವುದು ಹಿತವಾದೀತು ಎಂದು ಬೇರೆ ಪ್ರಯಾಣಿಕರನ್ನು ಊಹಿಸಲು ಕೇಳಿದಾಗ ಅವರು ಇದಕ್ಕೆ ತದ್ವಿರುದ್ಧವಾದ ಉತ್ತರ ಕೊಟ್ಟರು. ಅಂದರೆ ನಮಗೆ ಸುಖ ಕೊಡುವುದು ಯಾವುದೆಂದು ನಮಗೇ ಸರಿಯಾಗಿ ತಿಳಿದಿರುವುದಿಲ್ಲ.

ಎಲ್ಲರಿಗೂ ಮಾತು ಬೇಕೆಂದಿಲ್ಲ ಎಂದು ಯಾರಾದರೂ ಕೇಳಬಹುದು. ನಿಜ. ನಮ್ಮಲ್ಲಿಯೇ ಮೂಲೆಯ ಕುರ್ಚಿಯಲ್ಲಿ ಕುಳಿತು, ಬಂದಾಗ ಒಂದು ನಮಸ್ಕಾರ, ಹೋಗುವಾಗ ಒಂದು ನಮಸ್ಕಾರ, ಇಷ್ಟನ್ನು ಬಿಟ್ಟು ತುಟಿ ತೆರೆಯದ ಓದುಗರಿದ್ದಾರೆ. ಆದರೆ ಅವರ ಮನೆಗೂ ಪತ್ರಿಕೆ ಬರುತ್ತದೆ. ಅಲ್ಲಿ ಓದದೆ ಇಲ್ಲಿಗೆ ಬರುತ್ತಾರೆ ಏಕೆ? ಓದುವುದು ಒಬ್ಬರೇ ಮಾಡುವ ಕೆಲಸ, ಆದರೆ ಹತ್ತು ಜನ ಓದುತ್ತ ಕುಳಿತಿರುವಲ್ಲಿ ಓದುವುದರ ಸೊಗಸೇ ಬೇರೆ. ಮೌನವಾಗಿದ್ದರೂ ಅದು ಒಡನಾಟವೇ.

ಇನ್ನು ಕೊಡುವುದರ ಸುಖ. ಕೆನಡಾ ದೇಶದ ವ್ಯಾಂಕೂವರ್ ನಗರದಲ್ಲಿ ಮಾಡಿದ ಒಂದು ಪ್ರಯೋಗದ ವರದಿ 2008ರಲ್ಲಿ ಬಂತು. 46 ಜನರಿಗೆ ಬೆಳಿಗ್ಗೆ ಲಕೋಟೆಯಲ್ಲಿ ಹಣ ಕೊಟ್ಟರು. ಕೆಲವರಿಗೆ 5 ಡಾಲರು, ಕೆಲವರಿಗೆ 20. ಸಂಜೆ 5 ಗಂಟೆಯೊಳಗೆ ಅದನ್ನು ಖರ್ಚು ಮಾಡಬೇಕು. ಅರ್ಧ ಜನ ತಮಗಾಗಿ, ಉಳಿದವರು ಬೇರೆಯವರಿಗಾಗಿ. ಸಂಜೆ ವಿಚಾರಿಸಿದಾಗ, ಬೇರೆಯವರಿಗಾಗಿ ಖರ್ಚು ಮಾಡಿದವರು ಹೆಚ್ಚು ಸಂತೋಷವಾಗಿದ್ದರು. 5 ಡಾಲರೋ 20 ಡಾಲರೋ ಎಂಬುದರಿಂದ ವ್ಯತ್ಯಾಸವಾಗಲಿಲ್ಲ. ನಮ್ಮ ನಾಡಿನಲ್ಲಿ 12ನೆಯ ಶತಮಾನದ ಶರಣರು ಕಾಯಕ, ದಾಸೋಹ ಎರಡನ್ನೂ ಜೊತೆಯಾಗಿಯೇ ಹೇಳಿದರು. ನೆಲಕ್ಕೆ ಬಿದ್ದ ಅಕ್ಕಿಯನ್ನು ಆಯ್ದು ತರುವುದು ಮಾರಯ್ಯನ ಕಾಯಕ. ಒಂದು ದಿನ ಎಂದಿಗಿಂತ ಹೆಚ್ಚು ತಂದಾಗ ಹೆಂಡತಿ ಲಕ್ಕಮ್ಮ ಅದನ್ನು ಹಿಂದಕ್ಕೆ ಕಳಿಸಿದಳು ಎಂಬ ಕಥೆ ನಿಮಗೆ ಗೊತ್ತು. ಆಯ್ದ ಅಕ್ಕಿಯಲ್ಲೇ ಇನ್ನೊಬ್ಬರಿಗೆ ಉಣಬಡಿಸುತ್ತಿದ್ದ ಮನೆ ಅದು. ದುಡಿಮೆ ಮತ್ತು ಹಂಚಿಕೆ ಕೂಡಿದಾಗ ಬಡತನದಲ್ಲಿಯೂ ತಲೆಯೆತ್ತಿ ಬಾಳಬಹುದು ಎಂಬುದನ್ನು ಆ ದಂಪತಿಗಳು ತೋರಿಸಿದರು.

ಕೊಡುವುದಕ್ಕೆ ನಮ್ಮಲ್ಲಿ ಹಣವಿಲ್ಲದಿದ್ದರೂ ಹೊತ್ತು ಇದೆ. ಇಲ್ಲಿಗೆ ನನ್ನ ಬೇಡಿಕೆಗೆ ಬಂದೆ.

ನಮ್ಮ ವಾಚನಾಲಯ ಇದುವರೆಗೆ ವಾರದ ಎಲ್ಲ ದಿನ ಸಂಜೆ 6ರಿಂದ 9ರವರೆಗೆ ತೆರೆದಿದೆ. ಬಾಗಿಲು ತೆಗೆದು, ಪತ್ರಿಕೆ ಜೋಡಿಸಿ, ಪುಸ್ತಕ ಬರೆದುಕೊಳ್ಳುವ ಸರದಿಯಲ್ಲಿ ಮೊದಲು ಏಳು ಜನ ಇದ್ದೆವು. ದಿನಕ್ಕೊಬ್ಬರಂತೆ ಲೆಕ್ಕ ಸರಿಹೋಗುತ್ತಿತ್ತು. ಒಬ್ಬರಿಗೆ ವರ್ಗವಾಯಿತು, ಇಬ್ಬರು ದೂರದ ಉಪನಗರಕ್ಕೆ ಮನೆ ಬದಲಿಸಿದರು, ಒಬ್ಬರಿಗೆ ಆರೋಗ್ಯ ಸಾಲದು. ಈಗ ಉಳಿದವರು ಮೂವರು. ಆದ್ದರಿಂದ ಇನ್ನು ಮುಂದೆ ಭಾನುವಾರ ಮಾತ್ರ ತೆರೆಯೋಣ ಎಂಬ ಸೂಚನೆ ಸಮಿತಿಯ ಮುಂದಿದೆ. ಓದುವವರೂ ಕಡಿಮೆಯಾಗಿದ್ದಾರೆ, ಪತ್ರಿಕೆಗಳೆಲ್ಲ ಮೊಬೈಲಿನಲ್ಲೇ ಸಿಗುತ್ತವೆ ಎಂದು ಅದಕ್ಕೆ ಕಾರಣ ಕೊಟ್ಟಿದ್ದಾರೆ. ಸೂಚನೆ ತಂದವರು ವಾಚನಾಲಯದ ಹಿತಚಿಂತಕರೇ. ಅವರ ಕಷ್ಟ ನನಗೆ ಅರ್ಥವಾಗುತ್ತದೆ.

ಆದರೂ ನನ್ನ ಅಭಿಪ್ರಾಯ ಬೇರೆ. ಪುಕ್ಕಟೆ ಪುಸ್ತಕವಿದ್ದ ಮಾತ್ರಕ್ಕೆ ಜನ ಓದುವುದಿಲ್ಲ ಎಂಬುದಕ್ಕೆ ಮಾರಿಯೆನ್‌ಟಾಲೇ ಸಾಕ್ಷಿ. ಅಲ್ಲಿ ಕಡಿಮೆಯಾದದ್ದು ಪುಸ್ತಕವೂ ಅಲ್ಲ, ಹೊತ್ತೂ ಅಲ್ಲ. ದಿನದ ಕಟ್ಟು ಕಳಚಿತ್ತು, ಕಾಯುವವರು ಇಲ್ಲವಾಗಿದ್ದರು. ನಮ್ಮ ಓದುಗರಲ್ಲಿ ನಿವೃತ್ತರಾದ ಹಿರಿಯರು ಎಷ್ಟೋ ಜನ. ಮಗ ಸೊಸೆ ಕೆಲಸಕ್ಕೆ, ಮೊಮ್ಮಕ್ಕಳು ಶಾಲೆಗೆ ಹೋದ ಮೇಲೆ ಖೋಲಿಯಲ್ಲಿ ಒಬ್ಬರೇ ಉಳಿಯುವವರು. ಅವರು ಐದೂವರೆಗೆ ಮುಖ ತೊಳೆದು, ಒಗೆದ ಅಂಗಿ ಹಾಕಿಕೊಂಡು, ಆರಕ್ಕೆ ಸರಿಯಾಗಿ ಇಲ್ಲಿಗೆ ಬರುತ್ತಾರೆ. ಆ ಒಗೆದ ಅಂಗಿಯ ಬೆಲೆ ನಮ್ಮ ಜಮಾಖರ್ಚಿನಲ್ಲಿ ಎಲ್ಲಿಯೂ ಕಾಣುವುದಿಲ್ಲ. ವಾರಕ್ಕೊಮ್ಮೆ ತೆರೆಯುವ ಬಾಗಿಲು ಇದನ್ನು ಕೊಡಲಾರದು. ಒಮ್ಮೆ ತಪ್ಪಿದ ಅಭ್ಯಾಸವನ್ನು ಮತ್ತೆ ಕೂಡಿಸುವುದು ಹರಿದ ನೂಲನ್ನು ಗಂಟು ಹಾಕಿದಷ್ಟು ಸುಲಭವೂ ಅಲ್ಲ.

ಅದಕ್ಕೆ ನನ್ನ ಬಿನ್ನಹ ಇಷ್ಟೆ. ಸಮಿತಿಯವರು ಸೂಚನೆಯನ್ನು ಮೂರು ತಿಂಗಳು ಮುಂದಕ್ಕೆ ಹಾಕಲಿ. ಈ ಸಭೆಯಿಂದ ನಾಲ್ವರು ಮುಂದೆ ಬಂದು ವಾರಕ್ಕೆ ಒಂದು ಸಂಜೆಯನ್ನು ಕೊಡಲಿ. ಮೂರು ತಾಸು ಆಗದವರು ಒಂದೂವರೆ ತಾಸಿನಂತೆ ಇಬ್ಬರು ಹಂಚಿಕೊಳ್ಳಬಹುದು. ನಿವೃತ್ತರಾದ ಹಿರಿಯರನ್ನು ನಾವು ಇದುವರೆಗೆ ಓದುಗರೆಂದು ಕೂರಿಸಿದೆವು, ಕೆಲಸ ಕೊಡಲಿಲ್ಲ. ಬೀಗದ ಕೈ ಅವರ ಕೈಗೂ ಬರಲಿ. ತಾಯಂದಿರಲ್ಲಿ ಒಂದು ಮಾತು: ಸಂಜೆಯ ಹೊತ್ತಿನಲ್ಲಿ ನಿಮಗೆ ಅಡಿಗೆಯ ಕೆಲಸವಿರುತ್ತದೆ ಎಂದು ನಿಮ್ಮನ್ನು ಯಾರೂ ಕೇಳುವುದೇ ಇಲ್ಲ. ವಾರಕ್ಕೊಂದು ಸಂಜೆ ಗಂಡಸರು ಒಲೆಯ ಮುಂದೆ ನಿಂತರೆ ಮನೆ ಮುಳುಗುವುದಿಲ್ಲ. ಆ ಸಂಜೆ ನೀವು ಇಲ್ಲಿ ಮಕ್ಕಳಿಗೆ ಕನ್ನಡ ಓದಿಸಿದರೆ, ನಮ್ಮ ಖಾಲಿ ಕುರ್ಚಿಗಳೂ ತುಂಬುತ್ತವೆ.

ಇನ್ನೊಂದು ಸಣ್ಣ ಪದ್ಧತಿಯನ್ನು ಮಾಡೋಣ. ಬಾಗಿಲ ಬಳಿ ಸಹಿ ಪುಸ್ತಕವಿದೆಯಷ್ಟೆ. ದಿನವೂ ಬರುವವರು ಮೂರು ದಿನ ಕಾಣದಿದ್ದರೆ, ಆ ದಿನದ ಸರದಿಯವರು ಅವರಿಗೆ ಒಂದು ಫೋನು ಮಾಡಬೇಕು. ಹತ್ತಿರವಿದ್ದರೆ ಮನೆಗೇ ಹೋಗಿ ಬರಬೇಕು. ಕೇಳುವುದು ಒಂದೇ ಮಾತು, “ಯಾಕೆ ಬರಲಿಲ್ಲ, ಆರೋಗ್ಯವೇ?” ಗಿರಣಿಯ ಹಾಜರಿ ಪುಸ್ತಕದಲ್ಲಿ ಗೈರುಹಾಜರಿ ಬರೆದರೆ ಆ ದಿನದ ಪಗಾರ ಹೋಗುತ್ತದೆ. ನಮ್ಮ ಹಾಜರಿ ಪುಸ್ತಕದಲ್ಲಿ ಗೈರುಹಾಜರಿ ಕಂಡರೆ ಒಬ್ಬ ಮನುಷ್ಯ ಅವರ ಬಾಗಿಲಿಗೆ ಹೋಗಲಿ.

ಸಭೆ ಮುಗಿದ ಮೇಲೆ ಸರದಿಯ ಪಟ್ಟಿಯನ್ನು ಮೇಜಿನ ಮೇಲೆ ಇಟ್ಟಿರುತ್ತೇನೆ. ಸೋಮವಾರ, ಬುಧವಾರ, ಗುರುವಾರ ಮತ್ತು ಶನಿವಾರದ ಸಾಲುಗಳು ಖಾಲಿ ಇವೆ. ಚಹಾ ಕುಡಿಯುವ ಮೊದಲು ದಯವಿಟ್ಟು ಅತ್ತ ಒಮ್ಮೆ ಬನ್ನಿ.